ಹನ್ನೊಂದನೆಯ ನಕ್ಷತ್ರ

ಕ್ಲೆಮ್ ಟಕ್‌ವೆಲ್‌ನ ಅರವತ್ತೊಂದು ವರ್ಷದ ಬದುಕನ್ನು ಹಾಳುಮಾಡಿದ್ದು ಕೋಟಿನ ಗುಂಡಿಯಷ್ಟಿದ್ದ ಒಂದು ಹಿತ್ತಾಳೆ ನಕ್ಷತ್ರ.

ಅದು ಇದ್ದದ್ದು ವಿಲ್ಕಾಟ್ ಊರಿನ ನಟ್ಟನಡುವೆ, ಅಂಚೆ ಕಚೇರಿಯ ಎದುರಿನ ಯುದ್ಧಸ್ಮಾರಕದಲ್ಲಿ. ಮೇಲೆ ಕಲ್ಲಿನ ಸಿಪಾಯಿ ತಲೆ ತಗ್ಗಿಸಿ, ಬಂದೂಕನ್ನು ತಲೆಕೆಳಗು ಮಾಡಿಕೊಂಡು ನಿಂತಿದ್ದಾನೆ. ಕೆಳಗೆ ಅಮೃತಶಿಲೆಯ ಹಲಗೆಯ ಮೇಲೆ, ಸಾವಿರದ ಒಂಬೈನೂರ ಹದಿನಾಲ್ಕರಲ್ಲಿ ಶುರುವಾದ ದೊಡ್ಡ ಯುದ್ಧಕ್ಕೆ ಊರಿನಿಂದ ಹೋದ ಅರವತ್ತೆರಡು ಜನರ ಹೆಸರು. ಸತ್ತವರದ್ದಷ್ಟೇ ಅಲ್ಲ, ಹೋದವರೆಲ್ಲರ ಹೆಸರನ್ನೂ ಕೆತ್ತುವುದು ನಮ್ಮ ಕಡೆಯ ವಾಡಿಕೆ. ವಾಪಸ್ ಬಾರದವನ ಹೆಸರಿನ ಪಕ್ಕ ಮಾತ್ರ ಒಂದು ನಕ್ಷತ್ರ. ಹಲಗೆಯ ಬುಡದಲ್ಲಿ ‘ಹೋದವರು ಅರವತ್ತೆರಡು, ಬಾರದವರು ಹನ್ನೊಂದು’ ಎಂದು ಬೆರಳು ಮುಳುಗುವಷ್ಟು ಆಳವಾಗಿ ಕೊರೆದಿದೆ. ಎಣಿಸಿದರೆ ನಕ್ಷತ್ರಗಳೂ ಹನ್ನೊಂದೇ. ಆದರೆ ಹನ್ನೊಂದನೆಯದು ಕೂತಿದ್ದ ಜಾಗ ಮಾತ್ರ ಸರಿಯಿರಲಿಲ್ಲ.

ಟಕ್‌ವೆಲ್ ಮನೆಯಿಂದ ಅಣ್ಣತಮ್ಮಂದಿರಿಬ್ಬರು ಹೋಗಿದ್ದರು. ತಮ್ಮ ಅರ್ನಿ ಫ್ರಾನ್ಸಿನ ಕೆಸರಿನಲ್ಲಿ ಎಲ್ಲಿ ಹೋದನೋ ದೇವರಿಗೇ ಗೊತ್ತು, ಮೂಳೆಯೂ ಸಿಗಲಿಲ್ಲ. ಅಣ್ಣ ಹೊರೇಸ್ ವಾಪಸ್ ಬಂದು, ಬೂಟು ರಿಪೇರಿ ಅಂಗಡಿ ಇಟ್ಟು, ಮದುವೆಯಾಗಿ, ಕ್ಲೆಮ್‌ಗೆ ಅಪ್ಪನಾಗಿ, ದಿನಾ ಬೆಳಿಗ್ಗೆ ಮೂರು ಮೊಟ್ಟೆ ತಿಂದುಕೊಂಡು ಎಪ್ಪತ್ತೇಳು ವರ್ಷ ಬದುಕಿದ. ನಕ್ಷತ್ರ ಇದ್ದದ್ದು ಈ ಹೊರೇಸನ ಪಕ್ಕ. ಅದರ ಮೇಲಿನ ಸಾಲಿನ ಅರ್ನಿಯ ಪಕ್ಕ ಏನೂ ಇರಲಿಲ್ಲ.

ಶಾಲೆಯಲ್ಲಿ ಲೆಕ್ಕ ಬರುತ್ತಿದ್ದ ಯಾವನೋ ಒಬ್ಬ ಇದನ್ನು ಕಂಡುಹಿಡಿದ. “ನಿಮ್ಮಪ್ಪ ಯುದ್ಧದಲ್ಲಿ ಸತ್ತ. ನೀನು ಹುಟ್ಟಿದ್ದು ಇಪ್ಪತ್ತಾರರಲ್ಲಿ. ಹಂಗಾದ್ರೆ ನೀನು ದೆವ್ವದ ಮಗ!” ಅವತ್ತಿನಿಂದ ಕ್ಲೆಮ್‌ಗೆ ‘ದೆವ್ವ’ ಎಂಬ ಹೆಸರು ಚರ್ಮದಂತೆ ಅಂಟಿಕೊಂಡಿತು. ‘ದೆವ್ವ, ಬೂಟು ರಿಪೇರಿ, ವಿಲ್ಕಾಟ್’ ಎಂದು ವಿಳಾಸ ಬರೆದ ಕಾಗದಗಳೂ ತಪ್ಪದೆ ಅವನಿಗೇ ತಲುಪುತ್ತಿದ್ದವು. ಅವನು ಮನಸ್ಸಿಟ್ಟಿದ್ದ ವೀರಾ ಎಂಬ ಹುಡುಗಿಗೆ ಅವಳ ಗೆಳತಿಯರು “ದೆವ್ವದ ಹೆಂಡ್ತಿ ಆಗ್ತೀಯೇನೇ?” ಎಂದು ಕಿಸಿಕಿಸಿ ನಕ್ಕರು. ಅವಳು ಪಕ್ಕದೂರಿನ ಕಸಾಯಿ ಅಂಗಡಿಯವನನ್ನು ಕಟ್ಟಿಕೊಂಡಳು. ಕ್ಲೆಮ್ ಒಂಟಿಯಾಗಿಯೇ ಉಳಿದ.

ಚಿಕ್ಕವನಿದ್ದಾಗ ಅಪ್ಪನ ಹತ್ತಿರ ಅತ್ತು ಕೇಳಿದ್ದ, “ಆ ನಕ್ಷತ್ರ ಕಿತ್ತು ಹಾಕ್ಸಪ್ಪಾ.” ಹೊರೇಸ್ ಬಾಯಲ್ಲಿ ಮೊಳೆ ಕಚ್ಚಿಕೊಂಡು ಬೂಟಿಗೆ ಅಟ್ಟೆ ಹೊಡೆಯುತ್ತಲೇ “ಇರ್ಲಿ ಬಿಡೋ. ನಾನಿಲ್ಲೇ ಇದೀನಲ್ಲ” ಎಂದಿದ್ದ. ಇದೂ ಒಂದು ಉತ್ತರವೇ? ಇನ್ನು ಅಜ್ಜಿ. ಕಣ್ಣು ಕಾಣದ ಆ ಮುದುಕಿ ಪ್ರತಿ ಭಾನುವಾರ ಚರ್ಚಿನಿಂದ ಬರುವಾಗ ಮಗನ ತೋಳು ಹಿಡಿದುಕೊಂಡು ನಿಂತು, ಹಲಗೆಯನ್ನು ಬೆರಳಿನಿಂದ ತಡವಿ, ಸಂತೋಷವಾಗಿ ನಗುತ್ತಿದ್ದಳು. ಎಲ್ಲರೆದುರು ಹೀಗೆ ನಗುವ ಅಜ್ಜಿಯನ್ನು ಕಂಡರೆ ಕ್ಲೆಮ್‌ಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸುತ್ತಿತ್ತು. ಮನೆಯಲ್ಲಿದ್ದ ಹಲಗೆಯ ಒಂದೇ ಒಂದು ಫೋಟೋದಲ್ಲಿ ಆ ನಕ್ಷತ್ರವನ್ನು ಅವನು ಹತ್ತನೆಯ ವಯಸ್ಸಿಗೇ ಚಾಕುವಿನಿಂದ ಕೆರೆದು ತೂತು ಮಾಡಿಬಿಟ್ಟಿದ್ದ.

ಈಗ ಅದೆಲ್ಲ ನೆನಪಾಗಲು ಕಾರಣವಿತ್ತು. ಗೋಧಿ ಲಾರಿಗಳು ತಿರುಗಲು ಜಾಗ ಸಾಲದೆಂದು ಸಿಪಾಯಿಯನ್ನು ಎಬ್ಬಿಸಿ ಊರಾಚೆಯ ಗೋಧಿ ಉಗ್ರಾಣದ ಹಿಂದೆ ನಿಲ್ಲಿಸಲು ರಸ್ತೆ ಇಲಾಖೆ ಹೊಂಚುಹಾಕುತ್ತಿತ್ತು. ಊರಿನವರು ಎದ್ದುನಿಂತು, ಸ್ಮಾರಕವನ್ನು ಪಾರಂಪರಿಕ ಪಟ್ಟಿಗೆ ಸೇರಿಸಬೇಕೆಂದು ಅರ್ಜಿ ಹಾಕಿದ್ದರು. ಅದನ್ನು ನೋಡಿ ಸಹಿ ಹಾಕಲು ಇವತ್ತು ಮಧ್ಯಾಹ್ನ ಮೂರಕ್ಕೆ ರಾಜಧಾನಿಯಿಂದ ಅಧಿಕಾರಿ ಬರುವವನಿದ್ದ. ಹಳೇ ಸೈನಿಕರ ಕ್ಲಬ್ಬಿನ ಕಾರ್ಯದರ್ಶಿ ಮರ್ವಿನ್ ಹಿಂದಿನ ದಿನವೇ ಕುರ್ಚಿಯ ಮೇಲೆ ಹತ್ತಿ ಸಾರಿದ್ದ, “ಸಹಿ ಬಿದ್ದ ಮೇಲೆ ಆ ಕಲ್ಲಿನ ಮೇಲೆ ಕೂತ ನೊಣ ಓಡಿಸ್ಬೇಕಾದ್ರೂ ಲಿಖಿತ ಅನುಮತಿ ಬೇಕು, ತಿಳ್ಕೊಳ್ಳಿ!”

ಅಂದರೆ ಇವತ್ತು ಮೂರು ಗಂಟೆಯ ನಂತರ ಅಪ್ಪ ಶಾಶ್ವತವಾಗಿ ಸತ್ತವನು, ಕ್ಲೆಮ್ ಶಾಶ್ವತವಾಗಿ ದೆವ್ವ. ಗೋರಿಯ ಮೇಲೂ ಹಾಗೇ ಬರೆಸುತ್ತಾರೆ, ಅನುಮಾನವೇ ಇಲ್ಲ. ನಕ್ಷತ್ರವನ್ನು ಒಂದು ಸಾಲು ಮೇಲಕ್ಕೆ ಸರಿಸಿದರೆ ಮುಗಿಯಿತು, ಐದು ನಿಮಿಷದ ಕೆಲಸ. ಇಕ್ಕಳ, ದಬ್ಬಳ, ಅಂಟು ಜೇಬಿಗೆ ಹಾಕಿಕೊಂಡು ಬೆಳಿಗ್ಗೆ ಎಂಟಕ್ಕೆ ಕ್ಲೆಮ್ ಹೊರಟ.

ತಲೆಯ ಮೇಲೆ ಖಾಲಿ ಐಸ್‌ಕ್ರೀಮ್ ಡಬ್ಬಿಯನ್ನೂ ಬೋರಲು ಹಾಕಿಕೊಂಡಿದ್ದ. ಅಕ್ಟೋಬರ್ ಎಂದರೆ ಮ್ಯಾಗ್‌ಪೈ ಹಕ್ಕಿಗಳು ಮರಿ ಮಾಡುವ ಕಾಲ. ಸ್ಮಾರಕದ ಪಕ್ಕದ ಪೈನ್ ಮರದಲ್ಲಿ ಗೂಡು ಕಟ್ಟಿದ್ದ ಗಂಡು ಹಕ್ಕಿಗೆ ಮನುಷ್ಯರ ತಲೆ ಕಂಡರಾಗದು. ಹಿಂದಿನಿಂದ ಬಂದು ಕುಕ್ಕಿಯೇ ಕುಕ್ಕುತ್ತದೆ. ಅದಕ್ಕೇ ಊರಿನವರೆಲ್ಲ ಡಬ್ಬಿಯ ಹಿಂಭಾಗದಲ್ಲಿ ಎರಡು ದೊಡ್ಡ ಕಣ್ಣು ಬರೆದುಕೊಂಡು ಓಡಾಡುತ್ತಾರೆ, ಹಕ್ಕಿ ಹೆದರಲಿ ಎಂದು. ಯಾರ ಕಣ್ಣಿಗೂ ಬೀಳದೆ ಕೆಲಸ ಮುಗಿಸಬೇಕಾದವನಿಗೆ ಇದು ತಕ್ಕ ವೇಷವೇನಲ್ಲ.

ಇಕ್ಕಳವನ್ನು ನಕ್ಷತ್ರಕ್ಕೆ ತಾಗಿಸುವ ಮೊದಲೇ ಅಂಚೆ ಕಚೇರಿಯ ಕಿಟಕಿ ತೆರೆಯಿತು.

“ಏನೋ ದೆವ್ವ, ಅಪ್ಪನಿಗೆ ಹಲ್ಲು ಕೀಳ್ತಿದೀಯಾ?”

ಪೋಸ್ಟ್‌ಮಾಸ್ಟರ್ ಡೋರೀನ್. ಒಂಬತ್ತಕ್ಕೆ ತೆರೆಯಬೇಕಾದ ಕಿಟಕಿಯನ್ನು ಅವಳು ನಲವತ್ತು ವರ್ಷಗಳಿಂದ ಏಳೂವರೆಗೇ ತೆರೆದು ಊರಿನ ಮೇಲೆ ಕಣ್ಣಿಟ್ಟವಳು.

“ಮೆಲ್ಲಗೆ ಮಾತಾಡೇ ಮಾರಾಯ್ತಿ! ಇದನ್ನ ಅರ್ನಿ ಪಕ್ಕ ಕೂರಿಸ್ತೀನಿ ಅಷ್ಟೇ. ಯಾರಿಗೂ ಹೇಳ್ಬೇಡ.”

“ಅಯ್ಯೋ, ನಾನ್ಯಾಕೆ ಹೇಳ್ಲಿ? ಮೂವತ್ತು ವರ್ಷದಿಂದ ನಾನೂ ಇದನ್ನೇ ಅಂದ್ಕೊಂಡಿದೀನಿ. ಆದ್ರೆ ಒಬ್ನೇ ಮಾಡಿದ್ರೆ ಕಳ್ತನ ಅಂತಾರೆ ನೋಡು. ಮರ್ವಿನ್‌ಗೆ ಒಂದು ಮಾತು ಗುಟ್ಟಾಗಿ ಹೇಳಿಬಿಡ್ತೀನಿ.”

“ಬೇಡ್ವೇ ಬೇಡ ಡೋರೀನ್...”

ಅಷ್ಟರಲ್ಲಿ ಫೋನಿನಲ್ಲಿ ಅವಳು ಗುಟ್ಟು ಹೇಳುವುದು ಬೀದಿಯ ಕೊನೆಯ ಬೇಕರಿಗೂ ಕೇಳಿಸುತ್ತಿತ್ತು.

ಮರ್ವಿನ್ ಪದಕಗಳನ್ನು ಹಾಕಿಕೊಂಡೇ ಬಂದ. ಅವನು ಎರಡನೆಯ ಮಹಾಯುದ್ಧಕ್ಕೆ ಹೋದದ್ದು ನಿಜ, ಆದರೆ ಅಲ್ಲಿ ಮಾಡಿದ್ದು ಕಂಬಳಿಗಳ ಲೆಕ್ಕ. ಅಂದಿನಿಂದ ಇಂದಿನವರೆಗೆ ನಿಯಮದ ಪುಸ್ತಕವಿಲ್ಲದೆ ಅವನು ಕೆಮ್ಮಿದವನೂ ಅಲ್ಲ.

“ಕ್ಲೆಮ್, ನೀನು ಮಾಡ್ತಿರೋದು ಸರಿ. ಆದ್ರೆ ಕ್ರಮವಾಗಿ ಮಾಡ್ಬೇಕು. ನಿರ್ಣಯ ಆಗ್ಬೇಕು.”

“ಮರ್ವಿನ್, ಮೂರು ಗಂಟೆಗೆ ಆ ಮನುಷ್ಯ ಬರ್ತಾನೆ.”

“ಅದಕ್ಕೇ ತುರ್ತು ಸಭೆ. ಡೋರೀನ್, ಡಬ್ಬಿ ಹಾಕ್ಕೊಂಡು ಬಾ.”

ಹೀಗೆ ಐಸ್‌ಕ್ರೀಮ್ ಡಬ್ಬಿ ಹೊತ್ತ ಮೂವರು ಸ್ಮಾರಕದ ಮೆಟ್ಟಿಲ ಮೇಲೆ ಕೂತು ಸಭೆ ನಡೆಸಿದರು. ಕ್ಲೆಮ್ ಸೂಚಿಸಿದ, ಡೋರೀನ್ ಅನುಮೋದಿಸಿದಳು, ಮರ್ವಿನ್ ಆಕ್ಷೇಪ ಎತ್ತಿದ. ತಾನೇ ಅಧ್ಯಕ್ಷನಾದ್ದರಿಂದ ಆ ಆಕ್ಷೇಪವನ್ನು ಪರಿಶೀಲಿಸಲು ಅರ್ಧ ಗಂಟೆ ತೆಗೆದುಕೊಂಡ. ಹೊರೇಸನ ನಕ್ಷತ್ರವನ್ನು ಅರ್ನಿಗೆ ಕೊಡುವುದೋ, ಅರ್ನಿಗೆ ಹೊಸದು ತರಿಸುವುದೋ? ಹೊಸದು ತಂದರೆ ನಕ್ಷತ್ರ ಹನ್ನೆರಡಾಗುತ್ತದೆ, ಕಲ್ಲಿನಲ್ಲಿ ಹನ್ನೊಂದೆಂದಿದೆ. ಇನ್ನೊಬ್ಬನನ್ನು ಸಾಯಿಸಬೇಕಾಗುತ್ತದೆ ಎಂದಳು ಡೋರೀನ್. ಕ್ಲೆಮ್ ಅವಳನ್ನೂ ಮರ್ವಿನ್‌ನನ್ನೂ ಒಮ್ಮೆ ನೋಡಿದ. ಇಬ್ಬರಲ್ಲಿ ಯಾರಾದರೂ ಅಡ್ಡಿಯಿಲ್ಲ ಎನ್ನಿಸಿತು ಅವನಿಗೆ.

ಹನ್ನೊಂದು ಗಂಟೆಗೆ ನಿರ್ಣಯ ಅಂಗೀಕಾರವಾಗಿ ಕ್ಲೆಮ್ ಇಕ್ಕಳ ಹಾಕಿ ಎಳೆದ. ಆ ಕ್ಷಣಕ್ಕೇ ಕಾದಿದ್ದಂತೆ ಹಕ್ಕಿ ಅವನ ಕಿವಿಗೆ ಎರಗಿತು. “ಅಯ್ಯಯ್ಯೋ!” ನಕ್ಷತ್ರ ಕಿತ್ತು ಬಂತು, ಇಕ್ಕಳದಿಂದ ಹಾರಿತು, ಮೆಟ್ಟಿಲ ಮೇಲೆ ಎರಡು ಸಲ ಕುಣಿಯಿತು, ಚರಂಡಿಯ ಕಬ್ಬಿಣದ ಜಾಲರಿಯೊಳಗೆ ಇಳಿದು ಹೋಯಿತು.

ಮೂವರೂ ಜಾಲರಿಯ ಮೇಲೆ ಬಗ್ಗಿದರು. ಆಳದಲ್ಲಿ ಕೆಸರಿನ ಮೇಲೆ ಹಿತ್ತಾಳೆ ಮಿನುಗುತ್ತಿತ್ತು. ಆದರೆ ನಿಜವಾದ ಅನಾಹುತ ಕಂಡದ್ದು ತಿರುಗಿ ಹಲಗೆ ನೋಡಿದಾಗ. ಅರವತ್ತಾರು ವರ್ಷದ ಮಳೆಬಿಸಿಲಿಗೆ ಕಲ್ಲೆಲ್ಲ ಚಹಾದ ಬಣ್ಣಕ್ಕೆ ತಿರುಗಿತ್ತು. ನಕ್ಷತ್ರದ ಅಡಿಯಲ್ಲಿ ಮಾತ್ರ ಹಾಲಿನಂತೆ ಬಿಳಿ. ಹಿತ್ತಾಳೆಯದು ಹೋದ ಜಾಗದಲ್ಲಿ ಅಷ್ಟೇ ಅಳತೆಯ, ಐದೂ ಮೂಲೆ ಇರುವ, ಹತ್ತು ಪಟ್ಟು ಎದ್ದು ಕಾಣುವ ಬಿಳಿ ನಕ್ಷತ್ರವೊಂದು ಹೊರೇಸನ ಪಕ್ಕ ಹೊಳೆಯುತ್ತಿತ್ತು. ನಡುವೆ ಮೊಳೆಯ ತೂತು ಬೇರೆ.

“ಇದನ್ನ ಇಕ್ಕಳದಲ್ಲಿ ಕೀಳೋಕಾಗಲ್ಲ” ಎಂದಳು ಡೋರೀನ್.

ಕ್ಲೆಮ್ ಮೆಟ್ಟಿಲ ಮೇಲೆ ಕುಸಿದು ಕೂತ. ಇಷ್ಟು ವರ್ಷ ಒಂದು ನಕ್ಷತ್ರ ತಪ್ಪು ಜಾಗದಲ್ಲಿತ್ತು. ಈಗ ಒಂದು ಚರಂಡಿಯಲ್ಲಿ, ಒಂದು ಕಲ್ಲಿನಲ್ಲಿ. ಇಡೀ ಜಗತ್ತೇ ತನ್ನನ್ನು ದೆವ್ವವಾಗಿ ಇಡಲು ಸೊಂಟ ಕಟ್ಟಿ ನಿಂತಿದೆ ಎಂದು ಅವನಿಗೆ ಖಾತ್ರಿಯಾಯಿತು.

“ಆಸ್ಕರ್‌ನ ಕರೀತೀನಿ, ಗುಟ್ಟಾಗಿ” ಎಂದು ಡೋರೀನ್ ಮತ್ತೆ ಫೋನಿಗೆ ಓಡಿದಳು.

ಆಸ್ಕರ್ ಕಟ್ಟುವ ಹಲ್ಲಿನ ಸೆಟ್ಟುಗಳು ಸುತ್ತ ಎಂಟೂರಿನ ಬಾಯಿಗಳಲ್ಲಿ ಅಗಿಯುತ್ತಿದ್ದವು. ತನ್ನ ಕೆಲಸಕ್ಕೂ ದೇವರ ಕೆಲಸಕ್ಕೂ ವ್ಯತ್ಯಾಸ ಹೇಳಿದವನಿಗೆ ಒಂದು ಸೆಟ್ಟು ಬಿಟ್ಟಿ ಎಂದು ಅವನು ಸವಾಲು ಹಾಕಿ ಇಪ್ಪತ್ತು ವರ್ಷವಾಗಿತ್ತು, ಯಾರೂ ಗೆದ್ದಿರಲಿಲ್ಲ. ಅವನು ಬಂದು, ಹಲಗೆಯನ್ನು ರೋಗಿಯ ಒಸಡು ನೋಡುವಂತೆ ಒಂದು ಪುಟ್ಟ ಕನ್ನಡಿ ಹಿಡಿದು ನೋಡಿದ.

“ಹೊಗೆಸೊಪ್ಪು ಜಗಿದವನ ಮೇಲಿನ ಕೋರೆಹಲ್ಲಿನ ಬಣ್ಣ” ಎಂದ. “ಆಗುತ್ತೆ. ಚಹಾ ಕಷಾಯ ಮಾಡ್ಕೊಂಡು ಬಾ ಡೋರೀನ್, ಕರೀ ಬಣ್ಣ ಬರ್ಬೇಕು. ಮರ್ವಿನ್, ನಿನ್ನ ಪೈಪಿನ ಬೂದಿ ಕೊಡು. ಕ್ಲೆಮ್, ಆ ಸಿಪಾಯಿ ಬೂಟಿನ ಹಿಂದಿನ ಪಾಚಿ ಸ್ವಲ್ಪ ಕೆರ್ಕೊಂಡು ಬಾ.”

ಮೊದಲು ಒಂದು ಕೋಲಿನ ತುದಿಗೆ ಹಲ್ಲಿನ ಅಚ್ಚು ತೆಗೆಯುವ ಮೇಣ ಅಂಟಿಸಿ ಚರಂಡಿಯಿಂದ ನಕ್ಷತ್ರವನ್ನು ಎತ್ತಿದರು. ಅದಕ್ಕೂ ಮುಂಚೆ ಒಂದು ಕಪ್ಪೆ, ಒಂದು ಬಾಟಲಿ ಮುಚ್ಚಳ, ಎಂದೋ ಕಳೆದುಹೋದ ಮರ್ವಿನ್‌ನ ಪದಕವೊಂದು ಮೇಲೆ ಬಂದವು. ಆ ಪದಕ ಗಾಜಿನ ಪೆಟ್ಟಿಗೆಯಲ್ಲಿ ಭದ್ರವಾಗಿದೆಯೆಂದು ಅವನು ಹತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದ. ಆಮೇಲೆ ಆಸ್ಕರ್ ಕಾಲಿನಿಂದ ತುಳಿಯುವ ತನ್ನ ಹಳೇ ಹಲ್ಲು ಕೊರೆಯುವ ಯಂತ್ರವನ್ನು ತಂದು, ಕ್ಲೆಮ್ ತುಳಿಯುತ್ತಿದ್ದಂತೆ ಅರ್ನಿಯ ಪಕ್ಕ ತೂತು ಕೊರೆದ. ಆ ಜಿರ್ರೆನ್ನುವ ಸದ್ದಿಗೆ ಬೀದಿಯಲ್ಲಿ ಹೋಗುತ್ತಿದ್ದವರೆಲ್ಲ ದವಡೆ ಹಿಡಿದುಕೊಂಡರು. ನಕ್ಷತ್ರ ಕೂತಿತು. ಹಳೆಯ ತೂತಿಗೆ ಹಲ್ಲಿನ ಗಾರೆ ಮೆತ್ತಿ, ಉಜ್ಜಿ, ಚಹಾ ಬಳಿದು, ಬೂದಿ ಊದಿ, ಪಾಚಿಯನ್ನು ಒಂಟೆಕೂದಲ ಬ್ರಷ್ಷಿನಿಂದ ಚುಕ್ಕೆ ಚುಕ್ಕೆಯಾಗಿ ನೆಟ್ಟು, ಆಸ್ಕರ್ ಹಿಂದೆ ಸರಿದ.

ಬಿಳಿ ನಕ್ಷತ್ರ ಮಾಯವಾಗಿತ್ತು. ಕ್ಲೆಮ್ ಮೂಗು ತಾಗಿಸಿ ಹುಡುಕಿದ, ಸಿಗಲಿಲ್ಲ. ಟಕ್‌ವೆಲ್ ಅರ್ನಿ, ನಕ್ಷತ್ರ. ಟಕ್‌ವೆಲ್ ಹೊರೇಸ್, ಏನೂ ಇಲ್ಲ. ತೀರಿಕೊಂಡು ಹದಿನೆಂಟು ವರ್ಷವಾದ ಮೇಲೆ ಅಪ್ಪ ಕೊನೆಗೂ ಬದುಕಿದ.

“ಆಸ್ಕರ್...” ಎಂದ ಕ್ಲೆಮ್.

“ಗೊತ್ತು, ಗೊತ್ತು” ಎಂದ ಆಸ್ಕರ್. ಅವನೂ ತನ್ನ ಕೆಲಸವನ್ನೇ ನೋಡುತ್ತ ಕಣ್ಣೊರೆಸಿಕೊಳ್ಳುತ್ತಿದ್ದ.

ಅಧಿಕಾರಿ ಪ್ರೆಂಟಿಸ್ ಎರಡೂವರೆಗೇ ಬಂದಿಳಿದ. ತೆಳ್ಳಗೆ, ಬೆಳ್ಳಗೆ, ಮಾತಿಗೆ ಮೊದಲು ಒಂದು ಸಲ ಗಂಟಲು ಸರಿಮಾಡಿಕೊಳ್ಳುವ ಸಂಭಾವಿತ. ಕಾರಿನಿಂದ ಇಳಿದ ಕ್ಷಣವೇ ಹಕ್ಕಿ ಅವನ ಬೋಳುತಲೆಯನ್ನು ಸ್ವಾಗತಿಸಿತು. ಡೋರೀನ್ ಓಡಿಬಂದು ಅವನ ತಲೆಗೂ ಒಂದು ಡಬ್ಬಿ ಹಾಕಿದಳು. ಅದು ಸ್ಟ್ರಾಬೆರಿಯದು. ಹಿಂದೆ ಬರೆದಿದ್ದ ಕಣ್ಣುಗಳು ಸ್ವಲ್ಪ ಮಾಲುಗಣ್ಣು. ಊರಿನ ಅರ್ಧ ಜನ ಅಲ್ಲಿ ಸೇರಿದ್ದರು, ಯಾರೂ ನಗಲಿಲ್ಲ. ಮಹಿಳಾ ಸಂಘದವರು ಸ್ಕೋನ್ ಎಂಬ ಬನ್ನುಗಳಿಗೆ ಜಾಮ್ ಹಚ್ಚುತ್ತ ಉಸಿರು ಬಿಗಿಹಿಡಿದಿದ್ದರು.

ಪ್ರೆಂಟಿಸ್ ಭೂತಗನ್ನಡಿ ಹಿಡಿದು ಹಲಗೆಯ ಒಂದೊಂದೇ ಹೆಸರನ್ನು ಸವರಿಕೊಂಡು ಬಂದ. ಟಕ್‌ವೆಲ್‌ಗಳ ಹತ್ತಿರ ಕನ್ನಡಿ ನಿಂತಿತು. ಪ್ರೆಂಟಿಸ್ ಆಸ್ಕರ್ ಮೆತ್ತಿದ ಜಾಗವನ್ನೇ ಬೆರಳಿನಿಂದ ನೇವರಿಸಿದ.

“ಇದನ್ನ ನೋಡಿ” ಎಂದ. “ಈ ಬಣ್ಣ, ಈ ಪಾಚಿ. ಅರವತ್ತು ವರ್ಷದ ಗಾಳಿಮಳೆಗೆ ಮಾತ್ರ ಸಾಧ್ಯ. ಮನುಷ್ಯರ ಕೈಯಲ್ಲಿ ಇದಾಗಲ್ಲ ಸ್ವಾಮಿ. ಮೂವತ್ತು ವರ್ಷದ ಅನುಭವದಿಂದ ಹೇಳ್ತಿದೀನಿ.”

ಆಸ್ಕರ್ ಕೆಂಪೇರಿ, ಹಿಗ್ಗಿ, ಇನ್ನೇನು ಒಡೆದುಹೋಗುತ್ತಾನೆ ಎನ್ನುವಂತಾದ. ಮರ್ವಿನ್ ಅವನ ಪಾದ ತುಳಿದು ಹಿಡಿದ.

“ಹಲಗೆ ಮೂಲದಲ್ಲಿದ್ದಂತೆಯೇ ಇದೆ, ಯಾರೂ ಕೈ ಹಾಕಿಲ್ಲ” ಎಂದು ಬರೆದು ಮೂರೂ ಹತ್ತಕ್ಕೆ ಪ್ರೆಂಟಿಸ್ ಸಹಿ ಹಾಕಿದ. ಜನ ಹೋ ಎಂದರು. ಸಿಪಾಯಿ ಇದ್ದಲ್ಲೇ ಉಳಿದ. ಯಾರೋ ಕ್ಲೆಮ್‌ನ ಬೆನ್ನು ತಟ್ಟಿದರು. ಯಾರಿಗೂ ಹೇಳಿರದಿದ್ದ ಆ ಗುಟ್ಟು ಊರಿಗೆಲ್ಲ ಗೊತ್ತಿತ್ತು ಎಂದು ಅವನಿಗೆ ಆಗ ತಿಳಿಯಿತು. ಆದರೂ ಅವನು ನಕ್ಕ. ಹತ್ತನೆಯ ವಯಸ್ಸಿನಿಂದ ಅವನು ಹಾಗೆ ನಕ್ಕಿರಲಿಲ್ಲ.

ಪ್ರೆಂಟಿಸ್ ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ಒಂದು ಹಾಳೆ ಹಿಡಿದುಕೊಂಡು ಗಂಟಲು ಸರಿಮಾಡಿಕೊಂಡ.

“ಒಂದೇ ಒಂದು ನಿರಾಸೆ. ನಿಜ ಹೇಳ್ಬೇಕಂದ್ರೆ ನಾನು ಇಷ್ಟು ದೂರ ಬಂದಿದ್ದು ಇದನ್ನ ನೋಡೋಕೆ. ಇಂಥ ಕಲ್ಲಿನ ಸಿಪಾಯಿಗಳು ಊರೂರಲ್ಲೂ ಇದಾರೆ. ಆದ್ರೆ ಇಪ್ಪತ್ತೊಂದರ ನಿಮ್ಮ ಸ್ಮಾರಕ ಸಮಿತಿಯ ನಡಾವಳಿ ಪುಸ್ತಕ ನಮ್ಮ ದಾಖಲೆ ಕೋಣೆಯಲ್ಲಿ ಸಿಕ್ತು. ಅದರಲ್ಲಿ ಹೀಗಿದೆ.”

ಸ್ಟ್ರಾಬೆರಿ ಡಬ್ಬಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಅವನು ಓದತೊಡಗಿದ.

“‘ಶ್ರೀ ಹೊರೇಸ್ ಟಕ್‌ವೆಲ್ ಸಭೆಗೆ ಬಂದು ಹೇಳಿದ್ದೇನೆಂದರೆ, ನನ್ನ ತಾಯಿಗೆ ಕಣ್ಣು ಕಾಣುವುದಿಲ್ಲ. ಹಲಗೆ ನಿಂತ ಮೇಲೆ ಆಕೆ ಬೆರಳಿನಿಂದ ತಡವಿ ನೋಡುವುದು ಖಂಡಿತ. ಅರ್ನಿ ಹೋದನೆಂದು ಆಕೆ ಇನ್ನೂ ಒಪ್ಪಿಲ್ಲ. ದಿನಾ ಸಂಜೆ ಅವನಿಗೂ ಒಂದು ತಟ್ಟೆ ಇಡುತ್ತಾಳೆ. ಅವನ ಹೆಸರಿನ ಪಕ್ಕ ನಕ್ಷತ್ರ ಬೆರಳಿಗೆ ಸಿಕ್ಕಿದರೆ ಆಕೆ ಉಳಿಯುವುದಿಲ್ಲ. ಹನ್ನೊಂದು ಎಂದು ಕೆತ್ತಿ ಆಗಿರುವುದರಿಂದ ನಕ್ಷತ್ರ ಎಲ್ಲಾದರೂ ಕೂರಲೇಬೇಕು. ದಯವಿಟ್ಟು ಅದನ್ನು ನನ್ನ ಹೆಸರಿನ ಪಕ್ಕ ಕೂರಿಸಿ. ಅದು ಆಕೆಯ ಬೆರಳಿಗೆ ಸಿಕ್ಕಿದರೂ ಭಯವಿಲ್ಲ, ನಾನು ಅಲ್ಲೇ ಪಕ್ಕದಲ್ಲಿ ನಿಂತಿರುತ್ತೇನೆ. ಸಭೆ ಒಪ್ಪಿತು. ಆ ತಾಯಿ ಇರುವವರೆಗೆ ವಿಷಯ ಹೊರಗೆ ಬಿಡುವುದಿಲ್ಲವೆಂದು ಐದು ಸದಸ್ಯರೂ ಮಾತು ಕೊಟ್ಟರು.’”

ಪ್ರೆಂಟಿಸ್ ಹಾಳೆ ಕೆಳಗಿಳಿಸಿದ.

“ಮಾತು ಕೊಟ್ಟ ಐದು ಜನ ಅದನ್ನ ತಮ್ಮ ಜೊತೇಲೇ ತಗೊಂಡು ಹೋದ್ರು ಅಂತ ಕಾಣುತ್ತೆ” ಎಂದ ಪ್ರೆಂಟಿಸ್. “ಎಂಥ ಮಗ! ಆದ್ರೆ ಪಾಪ, ಅವನ ಮಾತು ನಡೀಲಿಲ್ಲ. ನಕ್ಷತ್ರ ಅರ್ನಿ ಪಕ್ಕಾನೇ ಇದೆ. ನಿರ್ಣಯ ಆಗಿ ಜಾರಿಯಾಗದ್ದು ಲೋಕದಲ್ಲಿ ಎಷ್ಟಿಲ್ಲ. ಏನಂತೀರಿ, ಕಾರ್ಯದರ್ಶಿಗಳೇ?”

ಮರ್ವಿನ್ ತನ್ನ ಬೂಟು ನೋಡಿಕೊಂಡ. ಡೋರೀನ್ ಚಹಾದ ಕೆಟಲ್ ನೋಡಿಕೊಂಡಳು.

ಬಾಯಲ್ಲಿ ಮೊಳೆ ಕಚ್ಚಿದ ಅಪ್ಪ ಕ್ಲೆಮ್‌ನ ಕಣ್ಣೆದುರು ಬಂದ. ‘ಇರ್ಲಿ ಬಿಡೋ, ನಾನಿಲ್ಲೇ ಇದೀನಲ್ಲ.’ ಆ ಭಾನುವಾರಗಳು ಬಂದವು. ಅಜ್ಜಿಯ ಬೆರಳು ಅರ್ನಿಯ ಹೆಸರು ಹಿಡಿದು ಹೋಗಿ ಹೋಗಿ, ಕೊನೆಯಲ್ಲಿ ಏನೂ ತಗುಲದೆ ಬರಿಗಲ್ಲಿನ ಮೇಲೆ ನಿಲ್ಲುತ್ತಿತ್ತು. ಅವಳು ನಗುತ್ತಿದ್ದದ್ದು ಆಗ. ಅಜ್ಜಿ ಹೋದ ಮೇಲೂ ಅಪ್ಪ ಅದನ್ನು ತೆಗೆಸಲಿಲ್ಲ. ಮೂವತ್ತೆರಡು ವರ್ಷ ಊರಿನವರ ನಗೆಯನ್ನೂ ಮಗನ ಸಿಡುಕನ್ನೂ ನುಂಗಿಕೊಂಡು ಸುಮ್ಮನಿದ್ದ.

“ಸಾರ್” ಎಂದ ಕ್ಲೆಮ್. “ಅದು ನಮ್ಮಪ್ಪನ ಪಕ್ಕಾನೇ ಇತ್ತು. ಇವತ್ತು ಬೆಳಿಗ್ಗೆ ನಾನೇ ಕಿತ್ತು ಇಲ್ಲಿ ಹಾಕ್ದೆ.”

ಪ್ರೆಂಟಿಸ್ ಕನಿಕರದಿಂದ ನೋಡಿದ. “ನಿಮಗೆ ಹಾಗನ್ನಿಸೋದು ಸಹಜ. ಮಗನಲ್ವೇ.”

“ಅನ್ನಿಸೋದಲ್ಲ ಸಾರ್! ಆಸ್ಕರ್, ಹೇಳೋ!”

ಆಸ್ಕರ್‌ಗೆ ಇಷ್ಟೇ ಬೇಕಾಗಿತ್ತು. “ನಾನೇ ಸಾರ್ ಮುಚ್ಚಿದ್ದು! ಹಲ್ಲಿನ ಗಾರೆ, ಚಹಾ, ಮರ್ವಿನ್ ಪೈಪಿನ ಬೂದಿ!”

“ನೀವೇನು ಕೆಲಸ ಮಾಡ್ತೀರಿ?”

“ಹಲ್ಲು ಸೆಟ್ಟು ಕಟ್ತೀನಿ ಸಾರ್.”

ಪ್ರೆಂಟಿಸ್ ನಕ್ಕ. ಒರಟು ನಗೆಯೇನಲ್ಲ. “ಗೆಳೆಯನಿಗಾಗಿ ತಪ್ಪು ಹೊತ್ಕೊಳ್ತಿದೀರಿ. ಇಂಥ ಊರು ನೋಡಿ ಸಂತೋಷವಾಯ್ತು. ನೀವು ಹೇಳೋದು ನಿಜಾನೇ ಆಗಿದ್ರೆ, ಫೋಟೋ ತೋರಿಸಿ. ಅರ್ಜಿ ಹಾಕಿ. ವಿಚಾರ ಮಾಡೋಣ.”

ಫೋಟೋ. ಅರ್ಜಿಯ ಜೊತೆ ಕಳಿಸಿದ್ದ ಫೋಟೋದಲ್ಲಿ ಹಲಗೆಯ ಮುಂದೆ ಮರ್ವಿನ್ ನಿಂತಿದ್ದ. ಅವನ ಹೊಟ್ಟೆಯ ಹಿಂದೆ ಅರ್ಧ ಊರಿನ ಹೆಸರುಗಳು ಮರೆಯಾಗಿದ್ದವು, ಟಕ್‌ವೆಲ್‌ಗಳು ನಟ್ಟನಡುವೆ. ಉಳಿದ ಫೋಟೋಗಳಲ್ಲೆಲ್ಲ ಬರೀ ಸಿಪಾಯಿ, ಇಲ್ಲವೇ ಹೂವಿನ ಚಕ್ರಗಳು. ನಕ್ಷತ್ರ ಕಾಣುವ ಫೋಟೋ ಊರಿನಲ್ಲಿ ಒಂದೇ ಇತ್ತು, ಕ್ಲೆಮ್‌ನ ಮನೆಯಲ್ಲಿ. ಅದರಲ್ಲಿ ಆ ಜಾಗದಲ್ಲಿ ಹತ್ತು ವರ್ಷದ ಹುಡುಗನೊಬ್ಬ ಚಾಕುವಿನಿಂದ ಕೆರೆದ ತೂತಿತ್ತು.

“ಊರಿಗೆಲ್ಲ ಗೊತ್ತು ಸಾರ್” ಎಂದ ಕ್ಲೆಮ್. “ಅದಕ್ಕೇ ನನ್ನ ದೆವ್ವ ಅಂತಾರೆ.”

“ಊರಿನ ಬಾಯಿಮಾತು ದಾಖಲೆ ಅಲ್ಲ ಸ್ವಾಮಿ.” ಪ್ರೆಂಟಿಸ್ ಪೆನ್ನು ತೆಗೆದ. “ಆದ್ರೂ ನೀವು ಹಟ ಹಿಡಿದ್ರೆ ‘ಹಲಗೆ ತಿದ್ದಿರಬಹುದು’ ಅಂತ ಒಂದು ಸಾಲು ಸೇರಿಸ್ತೀನಿ. ಸೇರಿಸಿದ್ರೆ ಪಟ್ಟಿಯಿಂದ ಕೈಬಿಡ್ತಾರೆ, ರಸ್ತೆ ಇಲಾಖೆಯವರು ನಾಳೇನೇ ಬರ್ತಾರೆ. ಬರೀಲಾ?”

ಎಲ್ಲರೂ ಕ್ಲೆಮ್‌ನನ್ನೇ ನೋಡಿದರು. ಅವನು ಸಿಪಾಯಿಯನ್ನು ನೋಡಿದ. ಆಮೇಲೆ ದೂರದಲ್ಲಿ ಕಾಣುವ ಗೋಧಿ ಉಗ್ರಾಣವನ್ನು, ಅದರ ಹಿಂದೆ 'ಕಸ ಹಾಕಬೇಡಿ' ಎಂಬ ಬೋರ್ಡಿನ ಕೆಳಗೇ ಬಿದ್ದಿರುವ ಕಸವನ್ನು ನೆನೆಸಿಕೊಂಡ. ಅಲ್ಲಿ ಅಪ್ಪನೂ ಅರ್ನಿಯೂ ಮಿಕ್ಕ ಅರವತ್ತು ಜನರೂ.

“ಬೇಡ ಸಾರ್” ಎಂದ. “ಇರ್ಲಿ ಬಿಡಿ.”

ತಾನು ಆಡಿದ್ದು ಯಾರ ಮಾತೆಂದು ಹೇಳಿದ ಮೇಲೆ ಅವನಿಗೆ ಗೊತ್ತಾಯಿತು.

ಪ್ರೆಂಟಿಸ್ ಹೊರಟುಹೋದ, ಡಬ್ಬಿಯನ್ನು ತಲೆಯ ಮೇಲೇ ಮರೆತು. ಜನ ಸ್ಕೋನ್‌ಗಳ ಕಡೆ ಸರಿದರು. ಕ್ಲೆಮ್ ಒಬ್ಬನೇ ಹಲಗೆಯ ಎದುರು ಮಂಡಿಯೂರಿ, ಕಣ್ಣು ಮುಚ್ಚಿ, ಬೆರಳಿಟ್ಟ. ಹೊರೇಸನ ಹೆಸರಿನ ಕೊನೆಯಲ್ಲಿ ಕಲ್ಲು ನುಣ್ಣಗಿತ್ತು. ಆಸ್ಕರ್‌ನ ಕೆಲಸದಲ್ಲಿ ಒಂದು ಗೆರೆಯಷ್ಟೂ ಲೋಪ ಸಿಗಲಿಲ್ಲ. ಒಂದು ಸಾಲು ಮೇಲಕ್ಕೆ ಹೋದ. ಅರ್ನಿಯ ಹೆಸರು ಮುಗಿದಲ್ಲಿ ನಕ್ಷತ್ರದ ಚೂಪು ಮೂಲೆ ಬೆರಳಿಗೆ ಚುಚ್ಚಿತು. ಅಪ್ಪ ಅಷ್ಟು ವರ್ಷ ಅಡ್ಡ ನಿಂತು ತಡೆದಿದ್ದ ಸುದ್ದಿಯನ್ನು ಮಗ ಇವತ್ತು ಅಜ್ಜಿಗೆ ಮುಟ್ಟಿಸಿದ್ದ. ಇನ್ನದನ್ನು ವಾಪಸ್ ತೆಗೆದುಕೊಳ್ಳಲು ಲಿಖಿತ ಅನುಮತಿ ಬೇಕು.

“ಬಾರೋ ದೆವ್ವ, ಚಹಾ ಆರ್ತಿದೆ!” ಎಂದು ಕೂಗಿದಳು ಡೋರೀನ್. ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಆದರೆ ಐವತ್ತು ವರ್ಷದ ರೂಢಿ, ಒಂದು ಮಧ್ಯಾಹ್ನಕ್ಕೆ ಎಲ್ಲಿ ಹೋಗಬೇಕು.

ಕಳೆದ ವಾರವಷ್ಟೇ ಊರಿಗೆ ಬಂದಿದ್ದ ಹೊಸ ಶಾಲಾ ಟೀಚರಮ್ಮ ಸ್ಕೋನ್ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದಳು. “ಅವರನ್ನ ಯಾಕೆ ದೆವ್ವ ಅಂತೀರಿ?” ಎಂದು ಕೇಳಿದಳು.

ಡೋರೀನ್, ಮರ್ವಿನ್, ಆಸ್ಕರ್, ಮೂವರ ಕೈಯೂ ಒಟ್ಟಿಗೆ ಹಲಗೆಯ ಕಡೆ ಎದ್ದವು. ಅಲ್ಲಿ ತೋರಿಸಲು ಏನೂ ಇರಲಿಲ್ಲ. ಮೂರು ಕೈಗಳೂ ಮೆಲ್ಲಗೆ ಇಳಿದವು.

ಟೀಚರಮ್ಮ ಕ್ಲೆಮ್‌ನ ಮುಖ ನೋಡಿದಳು. ಇನ್ನು ಮೇಲೆ ಊರಿಗೆ ಯಾರೇ ಹೊಸಬರು ಬಂದರೂ ಇದನ್ನು ಕೇಳುತ್ತಾರೆ, ಹೇಳಬೇಕಾದವನು ತಾನೇ, ಹೇಳಿದರೂ ಯಾರೂ ನಂಬುವುದಿಲ್ಲ. ಕ್ಲೆಮ್ ಡಬ್ಬಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಹಕ್ಕಿ ಬಂದು ಕುಕ್ಕಿದರೆ ಕುಕ್ಕಲಿ.

“ನಮ್ಮಪ್ಪನ ಹೆಸರಿನ ಪಕ್ಕ ಇಲ್ಲೊಂದು ನಕ್ಷತ್ರ ಇತ್ತಮ್ಮ” ಎಂದು ಶುರುಮಾಡಿದ.